ಗೂಳಿಯ ಗಾಡಿ ಹಿಂದಕ್ಕೆ ಹೋಗಲ್ಲ

ಅಣ್ಣನ ಬಲಗೈ ವೈಸಿನೊಳಗಿತ್ತು.

ಗ್ಯಾರೇಜಿನ ಮೂಲೆಯ ಮೇಜಿಗೆ ಬೋಲ್ಟು ಹಾಕಿ ಕೂರಿಸಿದ ಆ ಕಬ್ಬಿಣದ ದವಡೆಯ ವೈಸು ಇಷ್ಟು ವರ್ಷದಲ್ಲಿ ಆಕ್ಸಲ್ಲು, ಪೈಪು, ತುಕ್ಕು ತಿಂದ ನಟ್ಟು, ಏನೇನೋ ಕಚ್ಚಿ ಹಿಡಿದಿತ್ತು. ಮನುಷ್ಯನ ಕೈ ಹಿಡಿದಿದ್ದು ಇದೇ ಮೊದಲು. ಅದರ ಹ್ಯಾಂಡಲ್ ಹಿಡ್ಕೊಂಡು ನಿಂತಿದ್ದವನನ್ನ ಎಲ್ಲರೂ ಹ್ಞೂಂ ಅಂತಲೇ ಕರೀತಾರೆ. ಯಾಕಂದ್ರೆ ಅವನ ಬಾಯಲ್ಲಿ ಅದೊಂದು ಬಿಟ್ಟು ಬೇರೆ ಮಾತು ಕೇಳಿದವರಿಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋ ಆಸಾಮಿ. ಬಾಗಿಲು ಹಾಕು ಅಂದ್ರೆ ಹಾಕ್ತಾನೆ. ಸಂದಿಯಲ್ಲಿ ಯಾರದ್ದಾದ್ರೂ ಬೆರಳಿದ್ರೆ ಅದು ಬೆರಳಿನ ತಪ್ಪು.

ಎದುರಿಗೆ, ಹಳೇ ಟೈರುಗಳ ಗುಡ್ಡೆ ಮೇಲೆ ಸಿಂಹಾಸನದ ಥರ ಕೂತಿದ್ದ ಗೂಳಿ. ಕಲ್ಲು ಕ್ವಾರಿ ಧಣಿ. ಕತ್ತು ಅನ್ನೋ ಭಾಗ ದೇವರು ಅವನಿಗೆ ಮರೆತುಬಿಟ್ಟಿದ್ದ. ತಲೆ ನೇರ ಹೆಗಲ ಮೇಲೆ ಕೂತಿತ್ತು. ಅವನ ಕಾಲ ಹತ್ತಿರ, ನೆಲದ ಮೇಲೆ, ಮೂಗಿನಿಂದ ರಕ್ತ ಸುರಿಸ್ಕೊಂಡು ಕೂತಿದ್ದವನೇ ತಮ್ಮ, ಡೈಲಾಗ್.

ಅವ್ವ ಅಪ್ಪ ಇಟ್ಟ ಹೆಸರು ಬೇರೆ ಇತ್ತು, ಆದ್ರೆ ಅದು ರೇಷನ್ ಕಾರ್ಡು ಬಿಟ್ಟು ಹೊರಗೆ ಬಂದಿರಲಿಲ್ಲ. ಟೀ ಬೇಕು ಅಂತ ಕೇಳೋಕೂ ಅವನಿಗೆ ಹಿಂದೆ ಮ್ಯೂಸಿಕ್ ಬೇಕು. "ಈ ಗಂಟಲಿಗೆ ಬಿಸಿ ತಾಗದೆ ಎರಡು ಗಂಟೆ ಆಯ್ತು ಅಣ್ಣಾ, ಇನ್ನು ಸುಮ್ಮನಿದ್ರೆ ಇತಿಹಾಸ ನಮ್ಮನ್ನ ಕ್ಷಮಿಸಲ್ಲ!" ಅಂತ ಸ್ಪ್ಯಾನರ್ ಎತ್ತಿ ಹೇಳೋನು. ಅಣ್ಣ ಮಾತಾಡದೆ ಚಿಲ್ಲರೆ ಕೊಡೋನು. ಅಣ್ಣ ಕಡಿಮೆ ಮಾತಿನ ಮನುಷ್ಯ. ಮನೆಗೆ ಬೇಕಾದ ಮಾತನ್ನೆಲ್ಲ ತಮ್ಮ ಒಬ್ಬನೇ ಆಡಿ ಮುಗಿಸ್ತಿದ್ದ.

ಇವತ್ತಿನ ರಕ್ತಕ್ಕೂ ಆ ಬಾಯೇ ಕಾರಣ.

ಆಗಿದ್ದು ಇಷ್ಟು. ಗೂಳಿ ತನ್ನ ಅಪ್ಪನ ಕಾಲದ ಜೀಪಿಗೆ, ನಾಲ್ಕು ಚಕ್ರಕ್ಕೂ ಎಂಜಿನ್ ಎಳೆತ ಇರೋ ಆ ಮುದಿ ಗಾಡಿಗೆ, ಆನೆ ಕಾಲಿನಂಥ ದೊಡ್ಡ ಟೈರು ತಂದು ಹಾಕಿಸಿದ್ದ. ಇದೇ ಗ್ಯಾರೇಜಿನಲ್ಲಿ. "ಧಣಿ, ಇದು ತಾಗುತ್ತೆ," ಅಂದಿದ್ದ ಅಣ್ಣ. "ಹಾಕೋ," ಅಂದಿದ್ದ ಗೂಳಿ. ಹಾಕಿದ್ರು. ತಾಗಿತು. ಕ್ವಾರಿ ದಾರಿಯಲ್ಲಿ ಮೊಣಕೈ ತಿರುವು ಅಂತ ಒಂದಿದೆ, ಮಡಚಿದ ಮೊಣಕೈ ಥರಾನೇ. ಅಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದ ಕೂಡಲೇ ಟೈರು ಮಡ್‌ಗಾರ್ಡಿಗೆ ಉಜ್ಜಿ, ಕರ್ರ್... ಕರ್ರ್... ಅಂತ, ಕತ್ತೆಗೆ ಹೊಟ್ಟೆನೋವು ಬಂದ ಹಾಗೆ ಕೂಗಿತು. ಕೆಲಸದವರೆಲ್ಲ ನಕ್ಕರು. ಅದೇ ಸಂಜೆ ಕಟಿಂಗ್ ಶಾಪಿನಲ್ಲಿ ಡೈಲಾಗ್ ಕುರ್ಚಿ ಮೇಲೆ ನಿಂತು ಪೂರ್ತಿ ಸೀನು ಮಾಡಿ ತೋರಿಸಿದ. ಗೂಳಿಯ ಗಂಟಲು, ಗೂಳಿಯ ಉಸಿರು, ಗೂಳಿಯ ಆ ಪ್ರಸಿದ್ಧ ಮಾತು: "ಗೂಳಿ ಗಾಡಿ ಹಿಂದಕ್ಕೆ ಹೋಗಲ್ಲ ಕಣೋ!" ಆಮೇಲೆ ಕರ್ರ್. ಯಾರೋ ಪುಣ್ಯಾತ್ಮ ಫೋನಿನಲ್ಲಿ ಹಿಡಿದ. ಬೆಳಗಾಗೋದ್ರೊಳಗೆ ಕ್ವಾರಿಯ ಎಲ್ಲಾ ಫೋನಿನಲ್ಲೂ ಡೈಲಾಗ್ ಹೀರೋ.

"ಮಾಡೋ ಈಗ," ಅಂದ ಗೂಳಿ. "ನನ್ನ ಥರ ಮಾತಾಡೋ."

ಡೈಲಾಗ್ ಮೂಗು ಒರೆಸ್ಕೊಂಡ. ಸುಮ್ಮನಿರಬೇಕು ಅಂತ ಅವನ ತಲೆಗೆ ಗೊತ್ತಿತ್ತು. ಬಾಯಿಗೆ ಯಾರೂ ತಿಳಿಸಿರಲಿಲ್ಲ.

"ಒರಿಜಿನಲ್ ಎದುರಿಗೇ ಇರುವಾಗ ಡೂಪ್ ಯಾಕೆ ಧಣಿ?"

ಗೂಳಿ ಬೂಟುಗಾಲಿನಲ್ಲಿ ಎದೆಗೆ ಒದ್ದ. ಡೈಲಾಗ್ ಹಿಂದಕ್ಕೆ ಉರುಳಿ ಜಾಕ್ ಮೇಲೆ ಬಿದ್ದ. ಬೆನ್ನಿನಲ್ಲಿ ಏನೋ ಲಟಕ್ ಅಂತು.

"ಒಂದು ಡೈಲಾಗಿಗೆ ಒಂದು," ಅಂದ ಗೂಳಿ ಸಮಾಧಾನವಾಗಿ. "ಇವತ್ತು ಬಿಸಿಲು ಇಳಿಯೋದ್ರೊಳಗೆ ನನ್ನ ಗಾಡಿ ಮೊಣಕೈ ತಿರುವಿನಲ್ಲಿ ತಾಗಬಾರದು. ತಾಗಿದ್ರೆ ನಿಮ್ಮಣ್ಣ ಇನ್ನು ಮೇಲೆ ಎಡಗೈಲೇ ಸ್ಪ್ಯಾನರ್ ಹಿಡೀಬೇಕು, ಎಡಗೈಲೇ ಉಣ್ಣಬೇಕು. ಹ್ಞೂಂ ಏನೋ?"

"ಹ್ಞೂಂ," ಅಂದ ಹ್ಞೂಂ.

ಪೊಲೀಸು ಅಂತೀರಾ? ಪೊಲೀಸ್ ಬರೋದು ಕೊನೇ ಸೀನಿಗೆ, ಅದೂ ಸಿನಿಮಾದಲ್ಲಿ.

ಡೈಲಾಗ್ ಎದ್ದ. ಸೀಮೆಸುಣ್ಣ ತಗೊಂಡು ಜೀಪಿನ ಮುಂದಿನ ಟೈರಿನ ಅಂಚಿಗೆಲ್ಲ ದಪ್ಪಕ್ಕೆ ಬಳಿದ. ಇದು ಅಣ್ಣ ಕಲಿಸಿದ ಉಪಾಯ: ಎಲ್ಲಿ ತಾಗುತ್ತೆ ಅಂತ ಟೈರನ್ನೇ ಕೇಳು, ಡ್ರೈವರನ್ನ ಕೇಳಬೇಡ. ಒಂದು ಚಕ್ರವನ್ನ ಮರದ ದಿಮ್ಮಿ ಮೇಲೆ ಹತ್ತಿಸಿ, ಸ್ಟೇರಿಂಗ್ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ, ಕೆಳಗೆ ಇಣುಕಿದ. ಮಡ್‌ಗಾರ್ಡಿನ ಹಿಂದುಗಡೆ, ಎರಡು ತಗಡು ಸೇರಿಸಿ ಬೆಸುಗೆ ಹಾಕಿದ ಏಣಿನ ಮೇಲೆ, ಬಿಳಿ ಗೆರೆ ಮೂಡಿತ್ತು. ಎರಡೂ ಕಡೆ. ಆ ಏಣು ಚಾಕುವಿನ ಥರ ಹೊರಗೆ ಚಾಚಿಕೊಂಡಿತ್ತು. ಹೊಸ ಟೈರನ್ನ ಆಗಲೇ ಕೆತ್ತಿ ಹಾಕಿತ್ತು.

"ಅಣ್ಣಾ, ಹಿಂದಿನ ಏಣು," ಅಂದ.

"ಬಡಿದು ಮಡಚು," ಅಂದ ಅಣ್ಣ. ಹಣೆಯ ಬೆವರು ಕಣ್ಣಿಗೆ ಇಳೀತಿತ್ತು, ಒರೆಸ್ಕೊಳ್ಳೋಕೆ ಎಡಗೈಯನ್ನೂ ಮೇಜಿಗೆ ಕಟ್ಟಿದ್ರು. "ಸುತ್ತಿಗೆಯಲ್ಲಿ ಚಪ್ಪಟೆ ಮಾಡಿ, ಮಡ್‌ಗಾರ್ಡಿನ ಕೆಳಗೆ ಎರಡು ಬೆರಳು ಕತ್ತರಿಸಿದ್ರೆ ಸಾಕು."

ಡೈಲಾಗ್ ಸುತ್ತಿಗೆ ಎತ್ತಿದ. ಗೂಳಿ ಅದನ್ನ ಕೈಯಿಂದ ಕಿತ್ತುಕೊಂಡು, ಅದರ ಹಿಡಿಯಿಂದಲೇ ಅವನ ಮೊಣಕಾಲಿಗೆ ಬಾರಿಸಿದ.

"ಅಪ್ಪನ ಗಾಡಿ. ಒಂದು ಗೀರು ಬೀಳಬಾರದು."

"ಹಾಗಾದ್ರೆ ಎತ್ತರ ಮಾಡೋಣ ಧಣಿ," ಅಂದ ಡೈಲಾಗ್ ಒಂಟಿಕಾಲಲ್ಲಿ ಕುಣೀತಾ. "ಕೆಳಗಿನ ಕಮಾನುಪಟ್ಟಿಗೆ ಇನ್ನೆರಡು ಪಟ್ಟಿ ಸೇರಿಸಿದ್ರೆ ಬಾಡಿ ಮೇಲೇಳುತ್ತೆ."

"ಶೆಡ್ಡಿನ ಬಾಗಿಲು ಈಗಲೇ ಗಾಡಿ ತಲೆಗೆ ತಾಗ್ತಿದೆ. ಬಾಗಿಲು ಒಡೀಲಾ ನಿನ್ನ ತಲೆ ಒಡೀಲಾ?"

"ಹಳೇ ಟೈರು..."

ಈ ಸಲ ಹಿಡಿಯಲ್ಲ, ಸುತ್ತಿಗೆಯ ಮುಖವೇ ಬಂತು, ಹೆಗಲಿಗೆ. ಡೈಲಾಗಿನ ಎಡಗೈ ಜೋತು ಬಿತ್ತು. ಕಣ್ಣು ಕತ್ತಲೆ ಬಂದು, ಇಂಟರ್‌ವಲ್ ಆಯ್ತೇನೋ ಅನ್ನಿಸ್ತು.

ಉಳಿದಿದ್ದು ಒಂದೇ ದಾರಿ. ಮುಂದಿನ ಚಕ್ರದ ಹಿಂದೆ, ಆಕ್ಸಲ್ಲಿನ ಎರಡು ತುದಿಯಲ್ಲೂ ಒಂದೊಂದು ಬೋಲ್ಟು ಇರುತ್ತೆ. ಸ್ಟೇರಿಂಗ್ ತಿರುಗಿಸ್ತಾ ಹೋದ ಹಾಗೆ ಚಕ್ರದ ತೋಳು ಬಂದು ಆ ಬೋಲ್ಟಿನ ತಲೆಗೆ ಕುಟ್ಟುತ್ತೆ, ಚಕ್ರ ಅಲ್ಲಿಗೇ ನಿಲ್ಲುತ್ತೆ. ಸ್ಟಾಪರ್ ಬೋಲ್ಟು. ಅದನ್ನ ಸ್ವಲ್ಪ ಹೊರಕ್ಕೆ ತಿರುಪಿದ್ರೆ ಚಕ್ರ ಮೊದಲೇ ನಿಲ್ಲುತ್ತೆ. ಆ ಏಣಿನ ತನಕ ಹೋಗೋದೇ ಇಲ್ಲ. ಗೀರಿಲ್ಲ, ಶಬ್ದ ಇಲ್ಲ. ಸೋಮಾರಿ ಗ್ಯಾರೇಜಿನವರು ಮಾಡೋ ಕೆಲಸ. ಅಣ್ಣ ಯಾವತ್ತೂ ಮಾಡಿದವನಲ್ಲ. ಯಾಕಂದ್ರೆ ಚಕ್ರ ಪೂರ್ತಿ ತಿರುಗದ ಗಾಡಿ ಇಕ್ಕಟ್ಟಿನ ತಿರುವಿನಲ್ಲಿ ಒಂದೇ ಏಟಿಗೆ ತಿರುಗಲ್ಲ. ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹೋಗಬೇಕು.

ಹಿಂದೆ. ಅದೇ ಎಡವಟ್ಟು.

ಗೂಳಿ ರಿವರ್ಸ್ ಹಾಕಲ್ಲ. ಹಾಕಿದ್ದನ್ನ ಕಂಡವರಿಲ್ಲ. ಎದುರಿಗೆ ಲಾರಿ ಬಂದ್ರೆ ಲಾರಿಯೇ ಹಿಂದೆ ಹೋಗಬೇಕು. ಮನೆಯ ಕಾಂಪೌಂಡನ್ನ ಒಂದು ಕಡೆ ಒಡೆಸಿ, ಒಳಗೆ ಹೋದ ಗಾಡಿ ಸುತ್ತು ಹಾಕಿ ಹೊರಗೆ ಬರೋ ಹಾಗೆ ಮಾಡಿಸಿದ್ದ. ಈ ಗ್ಯಾರೇಜಿಗೇ ಬರೋದೂ ಅದಕ್ಕೇ: ಇದಕ್ಕೆ ಮುಂದೊಂದು ಗೇಟು, ಹಿಂದೊಂದು ಗೇಟು. ಆ ಪದವನ್ನೇ ಅವನ ಎದುರು ಯಾರೂ ಆಡಂಗಿಲ್ಲ. ಆಡಿದ ಒಬ್ಬ ಕ್ಲೀನರ್‌ಗೆ ಈಗಲೂ ಒಂದು ಕಿವಿ ಕೇಳಿಸಲ್ಲ.

ಅಣ್ಣ ಆದರೂ ಬಾಯಿಬಿಟ್ಟ. ಕೆಲಸದ ವಿಷಯ ಮುಚ್ಚಿಟ್ಟು ಅಭ್ಯಾಸ ಇಲ್ಲ ಅವನಿಗೆ.

"ಧಣಿ, ಬೋಲ್ಟು ತಿರುಪ್ತಾನೆ, ತಾಗಲ್ಲ. ಆದ್ರೆ ಆ ತಿರುವಿನಲ್ಲಿ ಮಾತ್ರ ಒಂದು ಸಲ ರಿವರ್..."

ಗೂಳಿ ಮೇಲೆದ್ದು ಹೋಗಿ, ವೈಸಿಗೆ ಸಿಕ್ಕಿಕೊಂಡು ನಿಂತಿದ್ದ ಮನುಷ್ಯನ ಹೊಟ್ಟೆಗೆ ಒಂದು, ದವಡೆಗೆ ಒಂದು ಕೊಟ್ಟ. ಅಣ್ಣನ ಕಾಲು ಕುಸೀತು. ಬೀಳೋಕೂ ಆಗಲಿಲ್ಲ, ಕೈ ವೈಸಿನಲ್ಲಿತ್ತು. ಆ ಕೈಯಿಂದಲೇ ಜೋತಾಡಿದ.

"ಅಣ್ಣಾ!" ಡೈಲಾಗ್ ಸ್ಪ್ಯಾನರ್ ಎತ್ತಿ ನುಗ್ಗಿದ. ಹ್ಞೂಂ ಹ್ಯಾಂಡಲ್ಲನ್ನ ಕೂದಲೆಳೆಯಷ್ಟು ತಿರುಗಿಸಿದ. ಅಣ್ಣನ ಬಾಯಿಂದ ಬಂದ ಶಬ್ದ ಕೇಳಿ ಡೈಲಾಗ್ ನಿಂತಲ್ಲೇ ನಿಂತ, ಸ್ಪ್ಯಾನರ್ ಕೆಳಗಿಳಿಸಿ, ಜೀಪಿನ ಅಡಿಗೆ ತೂರಿದ. ಬೋಲ್ಟು ತಿರುಪಿದ. ಎರಡು ಕಡೆಯೂ. ಮತ್ತೆ ಸೀಮೆಸುಣ್ಣ ಬಳಿದು ತಿರುಗಿಸಿ ನೋಡಿದ. ಏಣಿನ ಮೇಲೆ ಬಿಳಿ ಇಲ್ಲ.

ಗೂಳಿ ತನ್ನ ಫೋನಿನಿಂದ ಹ್ಞೂಂ ಫೋನಿಗೆ ಕರೆ ಮಾಡಿ, ಸ್ಪೀಕರ್ ಹಾಕಿ, ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟ. "ಲೈನ್ ಹೀಗೇ ಇರಲಿ. ಕರ್ರ್ ಅಂದ್ರೂ ತಿರುಗಿಸು. ಧಡ್ ಅಂದ್ರೂ ತಿರುಗಿಸು. ಲೈನ್ ಕಟ್ ಆದ್ರೂ ತಿರುಗಿಸು, ಪೂರ್ತಿ. ಬೇರೆ ಯಾರಾದ್ರೂ ಬಿಡು ಅಂದ್ರೂ ತಿರುಗಿಸು, ಬಿಡು ಅಂತ ನಾನೇ ಹೇಳಬೇಕು. ನಾನೇ."

"ಹ್ಞೂಂ."

"ಹತ್ತೋ," ಅಂದ ಡೈಲಾಗ್‌ಗೆ. "ನಿನ್ನ ಕೆಲಸ ನೀನೇ ನೋಡು ಬಾ."

ಜೀಪು ಹಿಂದಿನ ಗೇಟಿನಿಂದ ಹೊರಬಿತ್ತು. ಕ್ವಾರಿ ದಾರಿಯ ಬಿಳೀ ದೂಳು ಕಿಟಕಿಯೊಳಗೆ ನುಗ್ಗಿ, ಮೂಗಿನ ರಕ್ತಕ್ಕೆ ಮೆತ್ತಿಕೊಂಡು ಸಿಮೆಂಟಾಯ್ತು. ಡೈಲಾಗಿನ ತಲೆಯಲ್ಲಿ ಒಂದೇ ಲೆಕ್ಕ ಓಡ್ತಿತ್ತು. ತಿರುವಿನಲ್ಲಿ ಗಾಡಿ ತಿರುಗಲ್ಲ. ಈ ಮಹಾಶಯ ಹಿಂದೆ ಹೋಗಲ್ಲ. ಮುಂದೆ ಹೋದ್ರೆ ಹಳೇ ಗುಂಡಿ, ಅದರ ತಳದಲ್ಲಿ ಹಸಿರು ನೀರು. ಗೂಳಿ ಸಾಯಲಿ, ಹೋದ್ರೆ ಹೋಗಲಿ, ಊರಿಗೆ ಒಂದು ರಜೆ. ಆದ್ರೆ ಡ್ಯಾಶ್‌ಬೋರ್ಡ್ ಮೇಲಿನ ಆ ಫೋನು? ಅದು ನೀರಿಗೆ ಬಿದ್ದ ಕ್ಷಣ ಲೈನ್ ಕಟ್. ಹ್ಞೂಂ ಪೂರ್ತಿ ತಿರುಗಿಸ್ತಾನೆ. ವಿಲನ್ನನ್ನ ಬದುಕಿಸಿದ್ರೆ ಮಾತ್ರ ಅಣ್ಣನ ಕೈ ಬದುಕುತ್ತೆ. ಇಂಥಾ ದರಿದ್ರ ಕತೆ ಯಾವ ಡೈರೆಕ್ಟರೂ ಬರೆಯಲ್ಲ.

ಮೊಣಕೈ ತಿರುವು ಬಂತು. ಎಡಕ್ಕೆ ಕಡಿದ ಬಂಡೆ ಗೋಡೆ, ಬಲಕ್ಕೆ ಗುಂಡಿ. ಆಚೆ ದಿಬ್ಬದ ಮೇಲೆ ಕೆಲಸದವರು ಸುತ್ತಿಗೆ ಕೆಳಗಿಟ್ಟು ಸಾಲಾಗಿ ನಿಂತಿದ್ರು, ಟಿಕೆಟ್ ತಗೊಂಡವರ ಹಾಗೆ. ಗೂಳಿ ಅವರನ್ನ ನೋಡಿ ಮೀಸೆ ತಿರುವಿ, ಸ್ಟೇರಿಂಗ್ ಎಡಕ್ಕೆ ಪೂರ್ತಿ ಎಳೆದ.

ಶಬ್ದ ಇಲ್ಲ. ಮೂಗಿನ ಮೇಲೆ ಕೂತ ನೊಣದಷ್ಟೂ ಇಲ್ಲ.

"ಹಾ!" ಅಂದ ಗೂಳಿ. ಆ ಹಾ ಬಾಯಲ್ಲೇ ಉಳೀತು. ದಾರಿ ತಿರುಗ್ತಾ ಇತ್ತು, ಗಾಡಿ ತಿರುಗ್ತಾ ಇರಲಿಲ್ಲ. ಸ್ಟೇರಿಂಗ್ ಠಣ್ ಅಂತ ನಿಂತಿತು. ಜೀಪಿನ ಮೂತಿ ಗುಂಡಿ ಕಡೆಗೇ ಹೋಯ್ತು. ಬ್ರೇಕ್ ಹಾಕೋ ಹೊತ್ತಿಗೆ ಬಲಗಡೆಯ ಮುಂದಿನ ಚಕ್ರ ಅರ್ಧ ದಂಡೆಯ ಮೇಲೆ, ಅರ್ಧ ಗಾಳಿಯಲ್ಲಿ. ಒಂದಷ್ಟು ಕಲ್ಲು ಉದುರಿ, ತುಂಬಾ ಹೊತ್ತಾದ ಮೇಲೆ ನೀರಿಗೆ ಬಿದ್ದ ಸದ್ದು ಬಂತು.

"ತಿರುಗ್ತಾ ಇಲ್ಲ ಯಾಕೋ?"

"ಅದನ್ನೇ ಅಣ್ಣ ಹೇಳೋಕೆ ಬಂದ. ನೀವು ದವಡೆಗೆ ಕೊಟ್ರಿ."

"ಬೋಲ್ಟು ವಾಪಸ್ ತಿರುಪು."

"ತಿರುಪಿದ್ರೆ ಗಾಡಿ ತಿರುಗುತ್ತೆ, ಕರ್ರ್ ಅನ್ನುತ್ತೆ. ಅಲ್ಲಿ ಹ್ಞೂಂ ಕಿವಿ ಇಟ್ಕೊಂಡು ಕೂತಿದಾನೆ. ಮೊದ್ಲು ಅವನಿಗೆ ಬಿಡು ಅನ್ನಿ."

"ತಿರುವು ದಾಟೋ ತನಕ ಯಾರನ್ನೂ ಬಿಡಲ್ಲ."

"ಹಾಗಾದ್ರೆ ಧಣಿ, ಒಂದೇ ಗೇರು ಉಳಿದಿದೆ. ನಿಮಗೂ ಗೊತ್ತು ಅದು ಯಾವುದು ಅಂತ. ಎಷ್ಟೇ ದೊಡ್ಡ ಹೀರೋ ಆದ್ರೂ ಓಡಿ ಬಂದು ಒದೆಯೋಕೆ ಮೊದ್ಲು ಎರಡು ಹೆಜ್ಜೆ ಹಿಂದೆ..."

ಸೀಟಿನ ಕೆಳಗಿದ್ದ ವೀಲ್ ಸ್ಪ್ಯಾನರ್ ಬಾಯಿಗೇ ಬಂತು. ಮುಂದಿನ ಎರಡು ಹಲ್ಲು ನಾಲಗೆ ಮೇಲೆ ಬಿದ್ದವು. ಹಲ್ಲು ಮುರಿಯೋ ಶಬ್ದ ಕರ್ರ್ ಅಲ್ಲ, ಧಡ್ಡೂ ಅಲ್ಲ. ಪುಣ್ಯಕ್ಕೆ ಹ್ಞೂಂ ಸುಮ್ಮನಿದ್ದ.

ಗೂಳಿ ಮತ್ತೆ ಮೊದಲನೇ ಗೇರು ಹಾಕಿದ. ನಿಜವಾಗ್ಲೂ ಮುಂದೆ ಹೋಗೋನೇ ಅಂತ ಹೊರಟಿದ್ದ! ಡೈಲಾಗ್ ಅವನ ಮೇಲೆ ಬಿದ್ದ. ಇಷ್ಟು ವರ್ಷ ಕನ್ನಡಿ ಮುಂದೆ ಮಾಡಿದ ಫೈಟಿನಲ್ಲೆಲ್ಲ ಢಿಶುಂ ಇತ್ತು, ಇದರಲ್ಲಿ ಢಿಶುಂ ಮಾಡೋ ಹಾಗಿಲ್ಲ. ಫೋನು ಕೇಳ್ತಿದೆ. ಬಲಗೈ ಬೆರಳನ್ನ ಗೂಳಿಯ ಕಣ್ಣಿಗೆ ಒತ್ತಿದ. ಉಳಿದ ಹಲ್ಲನ್ನ ಅವನ ಕಿವಿಗೆ ಹಾಕಿ ಕಚ್ಚಿ, ಹಾಗೇ ಹಿಡಿದ. ಗೂಳಿಯ ಮೊಣಕೈ ಅವನ ಪಕ್ಕೆಗೆ ಒಂದಾದ ಮೇಲೊಂದು ನುಗ್ಗಿತು, ಒಳಗೆ ಏನೋ ಕಡ್ಡಿ ಮುರಿದ ಹಾಗಾಯ್ತು, ಬಾಯಿ ತುಂಬ ಯಾರ ರಕ್ತ ಅಂತಲೇ ತಿಳಿಯದಷ್ಟು ರಕ್ತ. ಇಬ್ಬರೂ ಉಸಿರು ಬುಸುಗುಡ್ತಾ, ಒಂದು ಮಾತಿಲ್ಲದೆ, ಮೂಕಿ ಚಿತ್ರದ ಹಾಗೆ ಬಡಿದಾಡಿದ್ರು.

ಆಗ ಜೀಪು ಮುಂದಕ್ಕೆ ಒಂದು ಗೇಣು ಜಾರಿತು.

ಇಬ್ಬರೂ ಕಲ್ಲಾದ್ರು. ಡೈಲಾಗಿನ ಹಲ್ಲು ಇನ್ನೂ ಕಿವಿಯಲ್ಲೇ ಇತ್ತು. ಗಾಜಿನಾಚೆ ದಾರಿ ಇಲ್ಲ, ಬರೀ ಹಸಿರು ನೀರು.

ಗೂಳಿಯ ಕೈ ಮೆಲ್ಲಗೆ ಗೇರಿನ ಮೇಲೆ ಬಂತು. ಗೇರನ್ನ ಹಿಂದಕ್ಕೆ ಎಳೆಯೋಕೆ ನೋಡಿತು. ಆಗಲಿಲ್ಲ. ಗೇರು ಗಟ್ಟಿ ಆಗಿರಲಿಲ್ಲ; ಕೈಯೇ ಕೇಳ್ತಿರಲಿಲ್ಲ. ಆ ದಪ್ಪ ಕೈ, ಸುತ್ತಿಗೆ ಹಿಡಿದಾಗ ಅಲುಗಾಡದ ಕೈ, ಗೇರನ್ನ ಮುಟ್ಟಿ ಮುಟ್ಟಿ ವಾಪಸ್ ಬರ್ತಿತ್ತು.

"ಹಿಂದೆ ಯಾರೂ ಇಲ್ಲ ತಾನೇ?" ಅಂದ ಗೂಳಿ. ಗಂಟಲು ಅವನದಾಗಿರಲಿಲ್ಲ. ಹತ್ತು ಹನ್ನೆರಡರ ಹುಡುಗನ ಗಂಟಲು. "ನೋಡೋ. ಹಿಂದೆ ಯಾರೂ ನಿಂತಿಲ್ಲ ತಾನೇ?"

ಗೂಳಿಯ ಅಪ್ಪ ಇದೇ ಜೀಪಿನ ಅಡಿಗೆ ಸಿಕ್ಕಿ ಸತ್ತಿದ್ದು ಊರಿಗೆಲ್ಲ ಗೊತ್ತು. ಹೇಗೆ ಸತ್ತ, ಆಗ ಸ್ಟೇರಿಂಗ್ ಹಿಂದೆ ಯಾರು ಕೂತಿದ್ರು ಅಂತ ಯಾರೂ ಕೇಳಿರಲಿಲ್ಲ. ಡೈಲಾಗೂ ಕೇಳಲಿಲ್ಲ. ಉತ್ತರ ಪಕ್ಕದ ಸೀಟಿನಲ್ಲೇ ಕೂತು ನಡುಗ್ತಿತ್ತು.

ಅವನು ಕಿವಿ ಬಿಟ್ಟ. ಬಾಗಿಲು ತೆಗೆದು, ಬಂಡೆ ಕಡೆಗೆ ಇಳಿದು, ಗಾಡಿಯ ಹಿಂದೆ ಬಂದ. ಬಂಪರಿಗೂ ಬಂಡೆಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ಮಲಗುವಷ್ಟು ಜಾಗ. ಕಮ್ಮಿ ಬಂದ್ರೆ ಮತ್ತೆ ಗುಂಡಿ. ಜಾಸ್ತಿ ಬಂದ್ರೆ ಬಂಡೆಗೆ ಧಡ್. ಯಾರಾದ್ರೂ ನಿಂತು ಕೈ ತೋರಿಸ್ಲೇಬೇಕು. ಡೈಲಾಗ್ ಪಕ್ಕಕ್ಕೆ ನಿಂತು, ಸರಿಯಿದ್ದ ಒಂದು ಕೈಯನ್ನ ಕನ್ನಡಿಯಲ್ಲಿ ಕಾಣೋ ಹಾಗೆ ಎತ್ತಿ, ಬಾ, ಬಾ ಅಂತ ಬೆರಳು ಆಡಿಸಿದ.

ಜೀಪು ಅಲುಗಲಿಲ್ಲ. ಆಮೇಲೆ ಒಮ್ಮೆಗೇ ಹಾರಿತು.

ಗೂಳಿಗೆ ಹಿಂದಕ್ಕೆ ಹೋಗೋದು ಮರೆತೇ ಹೋಗಿತ್ತು. ಕ್ಲಚ್ ಒಮ್ಮೆಗೇ ಬಿಟ್ಟಿದ್ದ. ಬಂಪರು ಬಂಡೆಗೆ ಬಡಿಯುತ್ತೆ, ಧಡ್ ಅನ್ನುತ್ತೆ, ಅಲ್ಲಿ ಹ್ಯಾಂಡಲ್ಲು ತಿರುಗುತ್ತೆ. ಡೈಲಾಗ್ ಯೋಚನೆ ಮಾಡಲಿಲ್ಲ. ಯೋಚನೆ ಮಾಡಿದ್ದಿದ್ರೆ ಮಾಡ್ತಿರಲಿಲ್ಲ. ತನ್ನ ಬಲಗಾಲನ್ನೇ ನಡುವೆ ಇಟ್ಟ.

ಕಬ್ಬಿಣ ಬಂದು ತೊಡೆಯನ್ನ ಬಂಡೆಗೆ ಅಮುಕಿತು. ಧಡ್ ಅನ್ನಲಿಲ್ಲ. ಮೆತ್ತಗೆ, ಒದ್ದೆ ಬಟ್ಟೆ ಹಿಂಡಿದ ಹಾಗೆ ಒಂದು ಸದ್ದು, ಅದರೊಳಗೆ ಎಲುಬಿನ ಲಟಕ್ಕು. ಬಾಯಿ ತೆರೀತು. ಜೀವಮಾನದಲ್ಲಿ ಒಂದು ಸಲವೂ ಮುಚ್ಚಿರದ ಬಾಯಿ, ಇಡೀ ಕ್ವಾರಿ ಅದುರೋ ಹಾಗೆ ಕೂಗೋಕೆ ತಯಾರಾಗಿ ತೆರೀತು. ಡೈಲಾಗ್ ಅಂಗಿಯ ಕಾಲರನ್ನ ಅದರೊಳಗೆ ತುರುಕಿ ಕಚ್ಚಿದ. ಹಲ್ಲಿಲ್ಲದ ಸಂದಿಯಿಂದ ಉಸಿರು ಮಾತ್ರ ಬಂತು. ಕಣ್ಣೀರು ದೂಳಿನ ಮುಖದ ಮೇಲೆ ಕಾಲುವೆ ತೋಡಿತು. ಕೈಯನ್ನ ಮಾತ್ರ ಕೆಳಗಿಳಿಸಲಿಲ್ಲ. ಅಂಗೈ ತಿರುಗಿಸಿ ತೋರಿಸಿದ: ಹೋಗು. ಮುಂದೆ ಹೋಗು.

ಜೀಪು ಮುಂದೆ ಹೋಯ್ತು. ಎಡಕ್ಕೆ ಪೂರ್ತಿ ತಿರುಗಿ, ದಂಡೆಯನ್ನ ಒಂದು ಮೊಳ ಬಿಟ್ಟು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತಿರುವು ದಾಟಿ ನಿಂತಿತು. ಕರ್ರ್ ಇಲ್ಲ. ಆಚೆ ದಿಬ್ಬದಲ್ಲಿ ಒಬ್ಬನೂ ನಗಲಿಲ್ಲ.

ಡೈಲಾಗ್ ಬಂಡೆಗೆ ಒರಗಿ ಜಾರಿದ. ಗೂಳಿ ಕನ್ನಡಿಯಲ್ಲಿ ಕಂಡಿದ್ದು ಅಷ್ಟೇ: ಹಿಂದೆ ಒಬ್ಬ ಮನುಷ್ಯ ಬಿದ್ದಿದ್ದಾನೆ.

ಈಗ 'ಬಿಡು' ಅನ್ನಬೇಕಿತ್ತು. ಅನ್ನಲಿಲ್ಲ. ಡೈಲಾಗ್ ಕಾದ. ಫೋನಿನಲ್ಲಿ "ಹ್ಞೂಂ?" ಅಂತ ಕೇಳಿಸ್ತು. ಮತ್ತೆ, "ಹ್ಞೂಂ?" ಗೂಳಿ ಸ್ಟೇರಿಂಗ್ ಹಿಡ್ಕೊಂಡು, ಕನ್ನಡಿ ನೋಡ್ತಾ, ಹೆಣದ ಹಾಗೆ ಕೂತಿದ್ದ.

ಡೈಲಾಗ್ ಮೊಣಕೈ ಮೇಲೆ ತೆವಳಿದ. ಜಲ್ಲಿಕಲ್ಲಿನ ಮೇಲೆ ಕಾಲು ಬೇರೆ ಯಾರದ್ದೋ ಸಾಮಾನಿನ ಥರ ಎಳೆದುಕೊಂಡು ಬರ್ತಿತ್ತು. ತೆರೆದ ಬಾಗಿಲ ಹತ್ತಿರ ಬಂದು, ಒಳಗೆ ಕೈ ಚಾಚಿ ಫೋನು ಎಳೆದು ಬಾಯಿಗಿಟ್ಟು, ಊರೆಲ್ಲ ಚಪ್ಪಾಳೆ ಹೊಡೆದ ಅದೇ ಗೂಳಿ ಗಂಟಲನ್ನ ತೆಗೆದ:

"ಬಿಡೋ ಹ್ಞೂಂ. ಅವನ ಕೈ ಬಿಟ್ಬಿಡೋ. ಗಾಡಿ ಶಬ್ದ ಇಲ್ದೆ ತಿರುಗ್ತು."

ಹಲ್ಲಿರಲಿಲ್ಲ. 'ಶಬ್ದ' ಅನ್ನೋದು ಸೀಟಿಯಾಗಿ ಹೊರಬಂತು. ಆಮೇಲೆ ಹ್ಞೂಂ ತನ್ನ ಬದುಕಿನ ಮೊದಲನೇ ಪೂರ್ತಿ ವಾಕ್ಯ ಮಾತಾಡಿದ:

"ಧಣಿಗೆ ಹಲ್ಲು ಯಾವಾಗ ಹೋಯ್ತು?"

ಮರುಕ್ಷಣ ಅಣ್ಣನ ಕಿರುಚಾಟ ಬಂತು. ಸಣ್ಣ ಫೋನಿನೊಳಗಿಂದ, ತಗಡು ಹರಿದ ಹಾಗೆ. ಮಾತೇ ಆಡದ ಅಣ್ಣ. ಜ್ವರ ಬಂದ್ರೂ ನರಳದ ಅಣ್ಣ.

ಡೈಲಾಗ್ ಗೂಳಿಯ ಕಾಲು ಹಿಡಿದು, ಪ್ಯಾಂಟು ಹಿಡಿದು, ಬೆಲ್ಟು ಹಿಡಿದು ಮೇಲೆದ್ದ. ಆ ಮುಖಕ್ಕೆ ಒಂದು ಬಾರಿಸಿದ. ಇನ್ನೊಂದು. ಗೂಳಿಯ ತಲೆ ಅತ್ತಿತ್ತ ಹೋಯ್ತು, ಕಣ್ಣು ಕನ್ನಡಿ ಬಿಡಲಿಲ್ಲ. ಡೈಲಾಗ್ ಅವನ ದವಡೆ ಹಿಡಿದು ತನ್ನ ಕಡೆ ತಿರುಗಿಸಿದ.

"ಬದುಕಿದೀನಿ ಕಣೋ! ನೋಡೋ ನನ್ನ! ನಾನು ಸತ್ತಿಲ್ಲ. ಹಿಂದೆ ನಿಂತವನು ಸತ್ತಿಲ್ಲ. ಹೇಳೋ ಅವನಿಗೆ!"

ಹಿಂದೆ ಮ್ಯೂಸಿಕ್ ಇಲ್ಲ, ಪಂಚ್ ಇಲ್ಲ. ಗೂಳಿ ಆ ರಕ್ತ ಮೆತ್ತಿದ ಮುಖವನ್ನ ನೋಡಿದ. ಮುಟ್ಟಿ ನೋಡಿದ. ಬೆರಳಿಗೆ ಬಿಸಿ ತಾಗ್ತು.

"ಬಿಡೋ," ಅಂದ ಫೋನಿಗೆ. "ಬಿಡೋ ಅವನನ್ನ. ಈಗಲೇ."

"ಹ್ಞೂಂ," ಅಂತು ಫೋನು.

ಅಣ್ಣನ ಕೈ ಉಳೀತು. ಕಿರುಬೆರಳು ಉಳೀಲಿಲ್ಲ, ಡಾಕ್ಟರು ಅದನ್ನ ತೆಗೆದುಹಾಕಿದ್ರು. ಡೈಲಾಗ್ ಕಾಲಿಗೆ ಒಳಗೆ ಸ್ಟೀಲ್ ರಾಡು, ಹೊರಗೆ ಬ್ಯಾಂಡೇಜು. ಆಸ್ಪತ್ರೆಗೆ ಬಂದ ಅತ್ತಿಗೆ ಗಂಡನ ಕೈ ನೋಡಿ ಅತ್ತು, ಮೈದುನನ ಬಾಯಿ ನೋಡಿ ಕಣ್ಣೊರೆಸ್ಕೊಂಡು, "ಎರಡೇ ಮುರಿದನಾ? ಉಳಿದಿದ್ದು ಯಾಕೆ ಬಿಟ್ಟ?" ಅಂದಳು. ಮಾರನೇ ದಿನ ಗಂಜಿ ಮಾಡಿ ತಂದು ಚಮಚದಲ್ಲಿ ಕುಡಿಸಿದ್ದೂ ಅವಳೇ.

ಕಾಲು ನೆಲಕ್ಕೆ ಊರೋ ಹಾಗಾದ ಮೇಲೆ ಒಂದು ಬೆಳಿಗ್ಗೆ ಗ್ಯಾರೇಜಿನ ಮುಂದಿನ ಗೇಟಿಗೆ ಜೀಪು ಬಂತು. ಹ್ಞೂಂ ಇರಲಿಲ್ಲ. ಗೂಳಿ ಒಬ್ಬನೇ ಇಳಿದ. ಒಂದು ಕಿವಿ ಹೊಲಿಗೆ ಹಾಕಿದ ಜಾಗದಲ್ಲಿ ಮುದುರಿತ್ತು.

"ಕತ್ತರಿಸಿ," ಅಂದ. "ಏಣು ಬಡೀರಿ, ಮಡ್‌ಗಾರ್ಡ್ ಎಷ್ಟು ಬೇಕೋ ಅಷ್ಟು ಕತ್ತರಿಸಿ. ಬೋಲ್ಟು ಮೊದಲಿನ ಹಾಗೆ ಮಾಡಿ."

ಅಣ್ಣ ಅವನ ಹತ್ತಿರ ನಡೆದು ಬಂದು, ಎಡಗೈಲಿ, ಗ್ಯಾರೇಜಿನ ತಗಡೆಲ್ಲ ಕೇಳಿಸ್ಕೊಳ್ಳೋ ಹಾಗೆ ಒಂದು ಬಿಟ್ಟ. ಗೂಳಿಯ ತುಟಿ ಒಡೆದು ರಕ್ತ ಗಲ್ಲಕ್ಕೆ ಇಳೀತು. ಕೈ ಮುಷ್ಟಿಯಾಯ್ತು. ಅದು ಮೇಲೇಳುತ್ತೆ ಅಂತ ಡೈಲಾಗ್ ಊರುಗೋಲು ಎತ್ತಿ ಹಿಡಿದ. ಏಳಲಿಲ್ಲ. ಅಣ್ಣ ಜೇಬಿನಿಂದ ಸೀಮೆಸುಣ್ಣ ತೆಗೆದು, ನಾಲ್ಕು ಬೆರಳಿನ ಕೈಯಲ್ಲಿ, ಮಡ್‌ಗಾರ್ಡಿನ ಮೇಲೆ ನೇರವಾಗಿ ಒಂದು ಗೆರೆ ಎಳೆದ.

ಗ್ರೈಂಡರ್ ಕಿಡಿ ಕಾರ್ತಾ ಅಪ್ಪನ ಗಾಡಿಯ ತಗಡಿನೊಳಗೆ ಇಳಿದಾಗ ಗೂಳಿ ಕಣ್ಣು ಮುಚ್ಚಿಕೊಂಡ. ಡೈಲಾಗ್ ಸುತ್ತಿಗೆಯಲ್ಲಿ ಏಣು ಬಡಿದ, ಒಂದೊಂದು ಏಟಿಗೂ ಒಳಗಿನ ಕೋಪ ಒಂದೊಂದು ಚೂರು ಕೊಟ್ಟು. ಕೋಪ ಮುಗೀಲಿಲ್ಲ, ಏಣು ಮುಗೀತು. ಬೋಲ್ಟು ವಾಪಸ್ ತಿರುಪಿ, ಸುಣ್ಣ ಬಳಿದು, ಎರಡು ಕಡೆ ಪೂರ್ತಿ ತಿರುಗಿಸಿದ್ರು. ಎಲ್ಲೂ ಬಿಳಿ ಇಲ್ಲ.

ಗೂಳಿ ಹತ್ತಿ ಕೂತು ಹಿಂದಿನ ಗೇಟಿನ ಕಡೆ ನೋಡಿದ. ಗೇಟಿರಲಿಲ್ಲ. ಅಲ್ಲಿ ಹೊಸಾ ಇಟ್ಟಿಗೆ ಗೋಡೆ ಎದ್ದಿತ್ತು. ಅಣ್ಣ ಆಸ್ಪತ್ರೆಯಿಂದ ಬಂದ ಮೇಲೆ ಮೊದಲು ಮಾಡಿಸಿದ ಕೆಲಸ ಅದು.

ಅಣ್ಣ ಎರಡೂ ಕೈ ಕಟ್ಟಿ ನಿಂತ. ಡೈಲಾಗಿನ ನಾಲಗೆ ಮೇಲೆ ಏಳು ಪಂಚು ಸಾಲುಗಟ್ಟಿ ನಿಂತು ಟಿಕೆಟ್ ಕೇಳ್ತಿದ್ವು. ಅವನು ಒಂದನ್ನೂ ಬಿಡಲಿಲ್ಲ.

ತುಂಬಾ ಹೊತ್ತಾದ ಮೇಲೆ ಗೂಳಿ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಹಿಂದೆ ಯಾರಾದ್ರೂ ಇದಾರಾ ನೋಡೋ."

ಡೈಲಾಗ್ ಊರುಗೋಲು ಕುಟ್ಟುತ್ತಾ ಜೀಪಿನ ಹಿಂದೆ ಹೋದ. ಈ ಸಲ ಗೋಡೆಗೂ ಬಂಪರಿಗೂ ನಡುವೆ ಅಲ್ಲ; ಪಕ್ಕಕ್ಕೆ, ದೂರಕ್ಕೆ, ಕನ್ನಡಿಯಲ್ಲಿ ಕಾಣೋ ಹಾಗೆ. ಕೈ ಎತ್ತಿದ.

"ಯಾರೂ ಇಲ್ಲ," ಅಂದ, ಹಲ್ಲಿಲ್ಲದ ಬಾಯಲ್ಲಿ ಸೀಟಿ ಹೊಡೀತಾ. "ಮೆಲ್ಲಗೆ ಕ್ಲಚ್ ಬಿಡು. ಬಾ."